ಮೊಲಕ್ಕೆ ಲಂಗೋಟಿ

“ಇದಕ್ಕ ಲಂಗೋಟಿ ಕಟ್ಟಿದವ್ರು ಯಾರ್ರೀ?”

ಚಿತ್ತಾಪುರದ ದನದ ದವಾಖಾನೆಯಲ್ಲಿ ಡಾಕ್ಟರು ಹೀಗೆ ಕೇಳಿದಾಗ ನಾನು ಪಕ್ಕದಲ್ಲಿದ್ದ ಅತ್ತೆಯವರನ್ನು ನೋಡಿದೆ. ಅತ್ತೆಯವರು ಚಾವಣಿ ನೋಡಿದರು. ಎಮ್ಮೆ ಹಿಡಿದು ನಿಂತಿದ್ದವರೆಲ್ಲ ನಮ್ಮಿಬ್ಬರನ್ನೂ ನೋಡಿದರು.

ತೊಂಬತ್ತರ ದಶಕದ ಮಾತು. ನಮ್ಮದು ಮಡಿಯ ಮನೆ. ಮಗಳು ಸಾಕಿದ್ದ ಬಿಳಿ ಮೊಲ ತುಳಸಿಕಟ್ಟೆಯ ಬಳಿ ಕೂತು, ಬಾಗಿ, ತನ್ನ ಹಿಕ್ಕೆಯನ್ನು ತಾನೇ ತಿನ್ನುವುದು ಅತ್ತೆಯವರ ಕಣ್ಣಿಗೆ ಬಿತ್ತು. ಅಂದಿನಿಂದ ಅದಕ್ಕೆ ಮಾವನವರ ಹಳೆಯ ಪಂಚೆಯ ಲಂಗೋಟಿ. ಮೊಲ ಸೊರಗುತ್ತ ಹೋಯಿತು. ಬೆನ್ನು ಸವರಿದರೆ ಬರೀ ಎಲುಬು. ಕೊನೆಗೆ ಹುಲ್ಲನ್ನೂ ಮೂಸದೆ, ಹಿಂಡಿಟ್ಟ ಬಟ್ಟೆಯಂತೆ ನನ್ನ ಮಡಿಲಲ್ಲಿ ಬಿದ್ದಿತ್ತು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ ಔಷಧ ಕುಡಿಸಿದರು. ಲಂಗೋಟಿ ಬಿಚ್ಚಿ ಬಿಸಾಕಿದರು. “ಅವ್ವಾರ, ಮೊಲಕ್ಕ ತಿಂದದ್ದು ಒಮ್ಮಿಗೇ ಪೂರಾ ಅರಗಂಗಿಲ್ರಿ. ಆ ಮೆತ್ತನ ಹಿಕ್ಕಿ ತಿರುಗಿ ತಿಂದ್ರನ ಮೈಗೆ ಹತ್ತತದ. ತಿನ್ನಲಿ ಬಿಡ್ರಿ!”

ಅತ್ತೆಯವರು ಮೂಗಿಗೆ ಸೆರಗು ಹಿಡಿದರು. ಆದರೆ ಮನೆಗೆ ಬಂದ ಮೇಲೆ ಹುಲ್ಲು ಹಾಕಿ ಅದರ ಮುಂದೆ ಕೂತವರೂ ಅವರೇ. ಮೊಲ ಮೆಲ್ಲಗೆ ಚೇತರಿಸಿಕೊಂಡಿತು. ಒಂದು ಬೆಳಿಗ್ಗೆ ಅದು ತುಳಸಿಕಟ್ಟೆಯ ಬಳಿ ಮತ್ತೆ ಬಾಗಿದ್ದೇ ತಡ, ಅತ್ತೆಯವರು ಅಂಗಳದ ಬಾಗಿಲು ಮುಂದೆ ಮಾಡಿ ನಮಗೆಲ್ಲ ಗದರಿದರು: “ಅದರ ನೈವೇದ್ಯ ನಡದದ. ಯಾರೂ ನೋಡಬ್ಯಾಡ್ರಿ!”

ಈಗಲೂ ಗುಡಿಯಲ್ಲಿ ನೈವೇದ್ಯಕ್ಕೆ ಪರದೆ ಎಳೆದಾಗ ಎಲ್ಲರೂ ಭಕ್ತಿಯಿಂದ ಕಣ್ಣು ಮುಚ್ಚುತ್ತಾರೆ. ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.