ಕರಿ ಚೆಂಡಿಗೆ ಒಂದು ಬೆರಳು ದೂರ

ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಮೊದಲ ಮನೆಯ ಬೇಸ್‌ಮೆಂಟಿನಲ್ಲಿ, ಕೋಲಿನಿಂದ ಚೆಂಡು ಹೊಡೆದು ತೂತಿಗೆ ಹಾಕುವ ಪೂಲ್ ಆಟದ ಟೇಬಲ್ ಒಂದಿತ್ತು. ನಾವು ಕೊಂಡದ್ದಲ್ಲ, ಮನೆ ಮಾರಿದವರು ಅದನ್ನು ಮೆಟ್ಟಿಲು ಹತ್ತಿಸಲಾಗದೆ ಬಿಟ್ಟುಹೋಗಿದ್ದರು. ನನ್ನ ಗಂಡ ಮೊದಲ ವಾರವೇ ಲೈಬ್ರರಿಯಿಂದ ಆಟದ ನಿಯಮಗಳ ಪುಸ್ತಕ ತಂದು ಓದಿ ಮುಗಿಸಿದರು. ಹಪ್ಪಳ ಕರಿಯುವುದಕ್ಕೂ ನಿಯಮವಿದ್ದರೆ ಅದನ್ನು ಓದಿಯೇ ಬಾಣಲೆ ಇಡುವ ಮನುಷ್ಯ ಅವರು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಕೇರಂ ಆಡಿದವಳು, ಪುಸ್ತಕಕ್ಕಿಂತ ನನ್ನ ಕೈಯನ್ನೇ ಹೆಚ್ಚು ನಂಬುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಒಂದು ಭಾನುವಾರ ಆ ಟೇಬಲ್ಲಿನ ಮೇಲೆ ನಾವು ಆಡಬಾರದ ಆಟ ಆಡಿದೆವು. ಅವರು ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಹೃದಯದ ಡಾಕ್ಟರು. ಅಲ್ಲಿ ಎರಡು ಸಲ ಅವರನ್ನು ಬಿಟ್ಟು ಬೇರೆಯವರಿಗೆ ಬಡ್ತಿ ಕೊಟ್ಟಿದ್ದರು. ಈಗ ಸಾವಿರ ಕಿಲೋಮೀಟರ್ ದೂರದ ಅಟ್ಲಾಂಟಾದ ಆಸ್ಪತ್ರೆಯಿಂದ ಕರೆ ಬಂದಿತ್ತು, ಒಂದು ವಿಭಾಗವೇ ಅವರ ಕೈಗೆ. ನಾನೋ, ವಾಷಿಂಗ್ಟನ್ ಹತ್ತಿರದ ಲ್ಯಾಬೊಂದರಲ್ಲಿ ನಾಲ್ಕು ವರ್ಷ ಇನ್ನೊಬ್ಬರ ಪ್ರಯೋಗಗಳಿಗೆ ದುಡಿದು, ಆ ತಿಂಗಳಷ್ಟೇ ನನ್ನದೇ ಒಂದು ಪ್ರಾಜೆಕ್ಟಿಗೆ ಒಪ್ಪಿಗೆ ಪಡೆದಿದ್ದೆ.

"ಅಟ್ಲಾಂಟಾದಲ್ಲೂ ಲ್ಯಾಬ್ ಇರತ್ತೆ ಕಣೇ" ಅನ್ನುತ್ತಿದ್ದರು.

"ಬಾಲ್ಟಿಮೋರಲ್ಲೂ ಹಾರ್ಟ್ ಪೇಷೆಂಟ್ಸ್ ಇದಾರೆ ರೀ" ಅನ್ನುತ್ತಿದ್ದೆ.

ಮೂರು ವಾರ ಇದೇ ಆಯಿತು. ಅವತ್ತು ಸಂಜೆ ಐದರೊಳಗೆ ಅಟ್ಲಾಂಟಾಕ್ಕೆ ಫೋನ್ ಮಾಡಿ ಹೌದೋ ಅಲ್ಲವೋ ಹೇಳಬೇಕಿತ್ತು. ಮೂರೂವರೆಗೆ ಅವರು ಕಾಫಿ ಲೋಟ ಕೆಳಗಿಟ್ಟು, "ಬಾ, ಒಂದು ಗೇಮ್ ಆಡಿ ಡಿಸೈಡ್ ಮಾಡ್ಬಿಡೋಣ. ಗೆದ್ದೋರ ಮಾತು ನಡೀಲಿ" ಅಂದರು. ತಮಾಷೆಗೆ ಅಂದರೋ, ಜಗಳ ಸಾಕಾಗಿ ಅಂದರೋ ತಿಳಿಯಲಿಲ್ಲ. ನನಗೆ ರೇಗಿತು. ಒಪ್ಪಿಬಿಟ್ಟೆ.

ಒಬ್ಬೊಬ್ಬರಿಗೆ ಏಳು ಚೆಂಡು. ಕೋಲಿನಿಂದ ಹೊಡೆಯುವುದು ಬಿಳಿ ಚೆಂಡನ್ನು ಮಾತ್ರ, ಅದು ಬಡಿದು ಉಳಿದವು ಉರುಳಬೇಕು. ಏಳನ್ನೂ ತೂತಿಗೆ ಹಾಕಿದ ಮೇಲೆ ಕರಿ ಚೆಂಡು. ಅದನ್ನು ಹಾಕಿದವರು ಗೆದ್ದರು. ಆದರೆ ಕರಿ ಚೆಂಡು ಬೀಳುವ ಹೊಡೆತದಲ್ಲಿ ಫೌಲ್ ಆದರೆ ಆಟವೇ ಹೋಯಿತು. ಮುಕ್ಕಾಲು ಗಂಟೆ ಆಟ ಸಾಗಿತು. ನನ್ನ ಏಳೂ ಬಿದ್ದವು. ಅವರದೊಂದು ಉಳಿದಿತ್ತು, ಮೂಲೆಯ ತೂತಿನ ಬಾಯಲ್ಲೇ ಕೂತಿತ್ತು. ಅದನ್ನು ಹಾಕಲು ಹೋಗಿ ಅವರು ತಪ್ಪಿದರು. ಬಿಳಿ ಚೆಂಡು ಉರುಳಿಬಂದು ಕರಿಯ ಹಿಂದೆ ನಿಂತಿತು. ನಡುವೆ ಒಂದು ಬೆರಳಿನಷ್ಟು ಜಾಗ.

ಕರಿ ಎದುರಿನ ತೂತಿಗೆ ನೇರವಾಗಿತ್ತು. ತಳ್ಳಿದರೆ ಬೀಳುತ್ತದೆ. ಕಷ್ಟವಿದ್ದದ್ದು ಅಲ್ಲೇ. ಅಷ್ಟು ಹತ್ತಿರದಲ್ಲಿ ಹೊಡೆದರೆ, ಬಿಳಿ ಹೋಗಿ ಕರಿಗೆ ಬಡಿದು ಅರೆಕ್ಷಣ ನಿಲ್ಲುತ್ತದೆ, ಹಿಂದಿನಿಂದ ಬಂದ ಕೋಲಿನ ತುದಿ ಅದಕ್ಕೆ ಮತ್ತೊಮ್ಮೆ ತಗುಲುತ್ತದೆ. ಎರಡು ಸಲ ತಗುಲಿದರೆ ಫೌಲ್. ಕೇರಂನಲ್ಲಿ ಸ್ಟ್ರೈಕರ್ ಬೆರಳು ಬಿಟ್ಟರೆ ಮುಗಿಯಿತು, ಅದರ ಹಿಂದೆ ಯಾರೂ ಹೋಗುವುದಿಲ್ಲ. ಹೊಡೆದ ಕೂಡಲೇ ಕೈ ತಡೆಯುವುದನ್ನು ನಾನು ಕಲಿತೇ ಇರಲಿಲ್ಲ.

"ಸೇಫ್ಟಿ ಆಡು" ಅಂದರು ಅವರು. "ಕರಿಯ ಅಂಚಿಗೆ ಮೆಲ್ಲಗೆ ತಾಗಿಸಿ ಬಿಳೀನ ಅದರ ಹಿಂದೆ ಬಚ್ಚಿಡು. ನನಗೆ ನನ್ನ ಚೆಂಡು ಕಾಣ್ಬಾರ್ದು. ಪುಸ್ತಕದಲ್ಲಿ ಹಾಗೇ ಇದೆ."

ಬುದ್ಧಿವಂತರು ಆಡುವ ಆಟ ಅದೇ. ಆದರೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗಿ ಅವರಿಗೆ ಅವರ ಚೆಂಡು ಕಂಡರೆ, ಅದೂ ಬೀಳುತ್ತದೆ, ಆಮೇಲೆ ಕರಿಯೂ ಬೀಳುತ್ತದೆ. ಸೋಮವಾರ ನಾನು ಲ್ಯಾಬಿಗೆ ರಾಜೀನಾಮೆ ಬರೆಯಬೇಕು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎದುರಾಳಿಯ ಸಲಹೆ ಕೇಳುವಷ್ಟು ಸಮಾಧಾನ ನನ್ನಲ್ಲಿರಲಿಲ್ಲ. ನೇರವಾಗಿ ಹೊಡೆದೆ.

ಕರಿ ಬಿತ್ತು. ಕೋಲಿನಲ್ಲಿ ಎರಡು ಸಲ ಅದುರಿದ್ದು ನನ್ನ ಬೆರಳುಗಳಿಗೆ ಸ್ಪಷ್ಟವಾಗಿ ತಿಳಿಯಿತು.

"ಎರಡು ಸಲ ತಗುಲ್ತಾ?" ಅಂತ ಕೇಳಿದರು.

"ಇಲ್ಲ" ಅಂದೆ.

ಅವರು ತೂತಿನ ಕಡೆ ನೋಡಿದರು. ಬಿಳಿ ಚೆಂಡು ಕರಿಯ ಬೆನ್ನು ಹತ್ತಿ ಅಷ್ಟೇ ಜೋರಾಗಿ ಓಡಿ ತೂತಿನ ಅಂಚಿನಲ್ಲಿ ನಿಂತಿತ್ತು. ಒಂದೇ ಸಲ ತಗುಲಿದ್ದರೆ ಅದು ಅಷ್ಟು ದೂರ ಓಡುವುದೇ ಇಲ್ಲ. ಹಿಂದಿನ ತಿಂಗಳು ಸ್ನೇಹಿತರೊಬ್ಬರು ಹೀಗೇ ಹೊಡೆದು ವಾದಕ್ಕೆ ನಿಂತಾಗ, ಇದೇ ಗುರುತು ತೋರಿಸಿ ಅವರ ಬಾಯಿ ಮುಚ್ಚಿಸಿದ್ದು ನನ್ನ ಗಂಡನೇ. ಈಗ ಅವರು ಕೋಲನ್ನು ಗೋಡೆಗೆ ಒರಗಿಸಿ, "ಸರಿ, ಫೋನ್ ಮಾಡ್ತೀನಿ" ಅಂತ ಮೇಲೆ ಹೋದರು.

ಫೋನಿನ ಡಯಲ್ ತಿರುಗುವ ಸದ್ದು ಕೆಳಗೆ ಕೇಳುತ್ತಿತ್ತು. ಒಂದು ಅಂಕಿ. ಬಹಳ ಹೊತ್ತು ಬಿಟ್ಟು ಇನ್ನೊಂದು. ಡೈರಿಯಲ್ಲಿ ನಂಬರು ಹುಡುಕುತ್ತಿರಬೇಕು ಅಂದುಕೊಂಡೆ. ಹನ್ನೆರಡು ಮೆಟ್ಟಿಲು ಹತ್ತಿ "ರೀ, ತಡೀರಿ" ಅಂದಿದ್ದರೆ ಆಗುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಆಸೆಯಾಗುತ್ತಿತ್ತು. ಮೆಟ್ಟಿಲ ಬುಡದಲ್ಲಿ ಕಂಬ ಹಿಡಿದು ನಿಂತೇ ಇದ್ದೆ. ಕೊನೆಗೆ ಅವರ ಧ್ವನಿ ಕೇಳಿತು. ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ, ಬರಲಾಗುವುದಿಲ್ಲವೆಂದು ಹೇಳಿದರು.

ಅವರು ಅದೇ ಆಸ್ಪತ್ರೆಯಲ್ಲಿ, ಅದೇ ಹುದ್ದೆಯಲ್ಲಿ ಮುಂದುವರಿದರು. ಒಂದು ದಿನವೂ ಆ ಮಾತೆತ್ತಿ ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ನಾನೂ ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ.

ಮೂರು ವರ್ಷದ ಮೇಲೆ ನನ್ನ ಹೆಸರಿನಲ್ಲಿ ಮೊದಲ ಪೇಪರ್ ಅಚ್ಚಾಯಿತು. ಅವತ್ತು ನಾನು ಪಾತ್ರೆ ತೊಳೆಯುತ್ತಿದ್ದೆ, ಅವರು ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅವತ್ತು ಎರಡು ಸಲ ತಗುಲಿತ್ತು ರೀ" ಅಂದೆ.

ಅವರು ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ, ಜಾಗಕ್ಕಿಟ್ಟು, ಇನ್ನೊಂದು ತೆಗೆದುಕೊಂಡರು.

"ಗೊತ್ತಿತ್ತು ಕಣೇ" ಅಂದರು. "ಅಟ್ಲಾಂಟಾ ನಂಬರು ನಂಗೆ ಬಾಯಿಪಾಠ ಆಗಿತ್ತು. ನೀನು ಮೇಲೆ ಬರ್ತೀಯೇನೋ ಅಂತ ನಿಧಾನಕ್ಕೆ ತಿರುಗಿಸ್ತಾ ಇದ್ದೆ."