ಮೊದಲು ಬಂಡಲ್ ಮುಗಿಸಿದವರ ಹಾಡು

ರಾಯದುರ್ಗದ ನಮ್ಮ ಜೀನ್ಸ್ ಶೆಡ್ಡಿನಲ್ಲಿ ಯಾರೂ ಎಲ್ಲೂ ಬರೆದಿಡದ ಒಂದು ಕಟ್ಟಳೆ ಇದೆ. ಕತ್ತರಿಸಿ ಕಟ್ಟಿಟ್ಟ ಬಟ್ಟೆಯ ಬಂಡಲ್ಲನ್ನು ಯಾರು ಮೊದಲು ಹೊಲಿದು ಮುಗಿಸುತ್ತಾರೋ, ಸ್ಪೀಕರಿನಲ್ಲಿ ಮುಂದಿನ ಹಾಡು ಅವರದು. ಮಾಲೀಕನೆಂದು ನನಗೇನೂ ರಿಯಾಯಿತಿಯಿಲ್ಲ. ಒಮ್ಮೆ ಬಾಯಿಬಿಟ್ಟು ಕೇಳಿದ್ದೆ. “ಕುಂದರ್ರಿ ಅಣ್ಣಾರ, ನೀವೂ ಒಂದು ಬಂಡಲ್ ಹೊಲೀರಿ, ಆಮ್ಯಾಲ ಹಾಡು ಕೇಳ್ರಿ” ಎಂದರು ಹೊಲಿಯುವ ಅಕ್ಕಂದಿರು. ಕುಳಿತೆ. ನನ್ನ ಬಂಡಲ್ ಮುಗಿಯುವ ಹೊತ್ತಿಗೆ ಅವರೆಲ್ಲ ಉಂಡು ಡಬ್ಬಿ ತೊಳೆದಿಟ್ಟಿದ್ದರು. ಮಡಕಶಿರಾ ಕಡೆಯ ಹಳ್ಳಿಯಿಂದ ಈ ಊರಿಗೆ ಬಂದು, ಹೊಲಿದೇ ಬದುಕು ಕಟ್ಟಿಕೊಂಡವನು ನಾನು ಎಂದರೆ ಈಗ ಯಾರೂ ನಂಬುವುದಿಲ್ಲ.

ಹೀಗಾಗಿ ನಮ್ಮಲ್ಲಿ ಹೆಚ್ಚಾಗಿ ನೇಮಕಲ್ಲಿನ ಆಂಜನೇಯನ ಭಜನೆಯೇ ನಡೆಯುತ್ತದೆ. ಸೈಡ್ ಹೊಲಿಗೆಯ ಅಕ್ಕನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ, ಅವಳಿಗೆ ಭಜನೆ ಬಿಟ್ಟು ಬೇರೆ ರುಚಿಸುವುದಿಲ್ಲ. ಇಸ್ತ್ರಿ ಮೇಜಿನ ಚಾಚಾಗೆ ಕೂಡ ಅಷ್ಟೂ ಭಜನೆ ಬಾಯಿಪಾಠವಾಗಿದೆ.

ಇಂಥ ಶೆಡ್ಡಿನ ಮಹಡಿಯ ಮೇಲೆ ಕೂತು ನನ್ನ ಮಗಳು ಒಂದು ಆಲ್ಬಮ್ ಮಾಡಿದಳು. ಅದನ್ನು ಡ್ರಮ್ ಅಂಡ್ ಬೇಸ್ ಅನ್ನುತ್ತಾರಂತೆ, ಅದರಲ್ಲೂ ಇದು ಪ್ರಯೋಗದ ಜಾತಿಯಂತೆ. ನನಗೆ ತಿಳಿದಷ್ಟು ಹೇಳುತ್ತೇನೆ: ಮೇಲೆ ಡ್ರಮ್ಮು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತದೆ, ಕೆಳಗೆ ಬೇಸು ಉಂಡ ಎಮ್ಮೆಯಂತೆ ನಿಧಾನಕ್ಕೆ ತಿರುಗುತ್ತದೆ. ನಡುವೆ ಹಾಡುವವರು ಯಾರೂ ಇಲ್ಲ. ನಮ್ಮ ಶೆಡ್ಡಿನ ಸದ್ದುಗಳನ್ನೇ ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿದ್ದಳು. ಕತ್ತರಿಸಿ ಜೋಡಿಸುವುದು ನಮ್ಮ ಮನೆತನದ ಕಸುಬೇ ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಇಂಟರ್‌ನೆಟ್ಟಿಗೆ ಹಾಕಿದ ಮೇಲೆ ಅವಳು ನೆಮ್ಮದಿಯಾಗಿದ್ದಳು, ಬಲೆಗೆ ಬಿದ್ದ ಪಕ್ಷಿಯಂತೆ ಒದ್ದಾಡಿದವನು ನಾನು. ಕೇಳಿದವರು ಬರೆದದ್ದನ್ನು ಚಹಾ ಕುಡಿಯುವಾಗಲೆಲ್ಲ ಓದುತ್ತಿದ್ದೆ. ಒಬ್ಬರು, “ನಮ್ಮ ಬೆಕ್ಕು ಮನೆ ಬಿಟ್ಟು ಹೋಯಿತು” ಎಂದು ಬರೆದಿದ್ದರು. ಬೆಕ್ಕು ವಾಪಸ್ ಬಂತೇ ಎಂದು ಎರಡು ದಿನ ನೋಡಿದೆ, ಸುದ್ದಿಯಿಲ್ಲ. ಇನ್ನೊಬ್ಬರು, “ಇದು ಸಂಗೀತವೋ, ಸ್ಪೀಕರ್ ಕೆಟ್ಟಿದೆಯೋ?” ಎಂದಿದ್ದರು. ಆದರೆ ಬಹಳ ಜನ ಒಂದೇ ಪ್ರಶ್ನೆಗೆ ಜೋತುಬಿದ್ದಿದ್ದರು: ಮೂರನೇ ಹಾಡಿನಲ್ಲಿ ಬರುವ ಆ ಒದ್ದೆ ಚಿಟಿಕೆಯಂಥ ಸದ್ದು ಯಾವ ವಾದ್ಯದ್ದು? ಬಿದಿರಿನದು ಎಂದರು ಕೆಲವರು. ಯಾವುದೋ ದೇಶದ ಕಪ್ಪೆ ಎಂದು ಒಬ್ಬ ಆಣೆ ಮಾಡಿದ್ದ. ಮಗಳು ಉತ್ತರ ಕೊಡಲಿಲ್ಲ. ಕಪ್ಪೆಯವರು ಬಂದು ಜಗಳ ತೆಗೆದರೆ ಏನು ಗತಿ ಎಂಬ ಚಿಂತೆ ನನಗೆ.

ಚಿಂತೆಯ ವಿಷಯದಲ್ಲಿ ನಾನು ಉದ್ಯೋಗಸ್ಥ. ನಿಂತಲ್ಲಿ ಕೂತಲ್ಲಿ ಲೊಚಗುಟ್ಟುತ್ತೇನೆ ಎಂದು ಹೆಂಡತಿ ದೂರುತ್ತಾಳೆ. ನನಗಂತೂ ಕೇಳಿಸಿಲ್ಲ.

ನನ್ನ ಹಳ್ಳಿಗೆ ಹೋದಾಗ ಮಗಳು ನಮ್ಮಮ್ಮನ ಕಿವಿಗೂ ಇಯರ್‌ಫೋನ್ ಸಿಕ್ಕಿಸಿದಳು. ಅಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಲೇ ಕೇಳಿದಳು. ಮೊದಲ ಹಾಡಿಗೆ, “ಹೊಟ್ಟೆಯೊಳ್ಗೆ ಯಾರೋ ರಾಗಿ ಬೀಸ್ತಾ ಅವ್ರೆ ಕಣೇ” ಎಂದಳು. ಮೂರನೆಯದಕ್ಕೆ ಸುಲಿಯುವುದನ್ನು ನಿಲ್ಲಿಸಿ, “ಇದ್ರಾಗೆ ನಿಮ್ಮಪ್ಪ ಅವ್ನೆ” ಎಂದು ನಕ್ಕಳು. ಮೊಮ್ಮಗಳ ಕೆಲಸದಲ್ಲಿ ಮಗನನ್ನು ಕಾಣುವ ತಾಯಿಯ ಅಂತಃಕರಣವೆಂದು ನನ್ನ ಕಣ್ಣು ಒದ್ದೆಯಾಯಿತು. ಮಗಳು ಯಾಕೋ ಬೇರೆ ಕಡೆ ನೋಡುತ್ತಿದ್ದಳು.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಬಾಂಬ್ ಹಾಕಿದಳು. “ಅಪ್ಪಾ, ಹೊರಗಿನೋರು ಏನಾರ ಬರಕಳ್ಳಿ. ಶೆಡ್ಡಿನ ಅಕ್ಕಾರ ಮುಂದ ಹಾಕ್ತೀನಿ. ಅವರ ಮಿಷನ್ ಸಪ್ಪಳದಿಂದ ಮಾಡಿದ್ದು. ಅವರೇ ಬ್ಯಾಡ ಅಂದ್ರ, ಎಲ್ಲಾ ಅಳಿಸಿ ಬಿಡ್ತೀನಿ. ಇನ್ನೊಂದು ಮಾಡಂಗಿಲ್ಲ.”

“ಅಳಿಸೋದ್ಯಾಕ?” ಎಂದೆ.

“ಅವರಿಗೇ ಸುಳ್ಳನಿಸಿದ್ರ ಅದು ಸುಳ್ಳ.”

ಅವಳ ತಾಯಿಯ ಹಟ. ಸಂಗೀತ ನನಗೆ ಅರ್ಥವಾಗಿರಲಿಲ್ಲ, ನಿಜ. ಆದರೆ ಒಂದಿಡೀ ವರ್ಷ ಅವಳು ಆ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಮುಚ್ಚಿಕೊಂಡು ಕೂತದ್ದನ್ನು ಕಂಡಿದ್ದೆ. ಭಜನೆಯ ಭಕ್ತರ ಕೈಗೆ ಈ ತೀರ್ಪು ಹೋಯಿತಲ್ಲ ಎಂದು ರಾಯದುರ್ಗ ಬರುವವರೆಗೂ ಸೀಟಿನ ಕಂಬಿ ಹಿಡಿದೇ ಕೂತಿದ್ದೆ.

ಕಟ್ಟಳೆಯ ಪ್ರಕಾರ ಮಗಳಿಗೂ ಹಕ್ಕಿರಲಿಲ್ಲ. ಮರುದಿನ ಎಂದಿನಂತೆ ಸೈಡ್ ಹೊಲಿಗೆಯ ಅಕ್ಕ ಮೊದಲು ಮುಗಿಸಿದಳು. ಆಮೇಲೆ ಮಗಳ ಮುಖ ನೋಡಿ, “ನನ್ನ ಪಾಳಿ ನಿನಗ ಕೊಟ್ಟೀನವ್ವ, ನಿನ್ನದ ಹಾಕು. ಹನುಮಪ್ಪ ಒಂದು ಗಳಿಗಿ ಕಾಯ್ತಾನ” ಎಂದಳು.

ನಾನು ಬಾಗಿಲ ಬಳಿ ಬನ್ನು ಹಿಡಿದು ನಿಂತೆ. ಮೊದಲ ಹಾಡಿಗೆ ಯಾರೂ ತಲೆಯೆತ್ತಲಿಲ್ಲ. ಎರಡನೆಯದಕ್ಕೆ ಚಾಚಾ, “ಯಾ ಅಲ್ಲಾ, ಮೋಟರ್ ಸುಡಾಕ ಹತ್ತೈತೇನು ನೋಡ್ರಿ” ಎಂದರು. ನಾನು ಬನ್ನನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.

ಮೂರನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಒದ್ದೆ ಚಿಟಿಕೆ ಬಂತು. ಅಷ್ಟೂ ಮಿಷನ್ನುಗಳು ಒಟ್ಟಿಗೆ ನಿಂತವು. ಎಲ್ಲರ ಕಾಲು ಪೆಡಲಿನಿಂದ ಮೇಲೆದ್ದಿತ್ತು. ಒಬ್ಬೊಬ್ಬರೂ ತಮ್ಮ ಹೊಲಿಗೆಯನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದರು. ಮಿಷನ್ನುಗಳು ಹೀಗೆ ಒಟ್ಟಿಗೆ ನಿಲ್ಲುವುದು ನಮ್ಮ ಶೆಡ್ಡಿನಲ್ಲಿ ಕರೆಂಟು ಹೋದಾಗ ಮಾತ್ರ. ಕೆಲಸವನ್ನೇ ನಿಲ್ಲಿಸುವಷ್ಟು ಕೆಟ್ಟದ್ದು ಎಂದು ಮಗಳು ತಿಳಿದಿರಬೇಕು. ಅವಳ ಕೈ ಸ್ಪೀಕರಿನ ಕಡೆ ಹೋಯಿತು.

“ಏ ತಡಿಯವ್ವ!” ಎಂದಳು ಸೈಡ್ ಹೊಲಿಗೆಯ ಅಕ್ಕ. ಬೆನ್ನ ಹಿಂದೆ ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು. “ಅಣ್ಣಾರು ಅಲ್ಲಿ ಬಾಯಿ ತುಂಬ ಬನ್ನು ತುರುಕ್ಯಂಡು ನಿಂತಾರ. ಮತ್ತ ನನ್ನ ಹಿಂದ ಲೊಚ್ ಅಂದೋರು ಯಾರು?”

ಸ್ಪೀಕರ್ ಮತ್ತೊಮ್ಮೆ ಅಂದಿತು: ಲೊಚ್. ಲೊಚ್‌ಲೊಚ್. ಡ್ರಮ್ಮಿನ ಲಯಕ್ಕೆ ಸರಿಯಾಗಿ.

ಆಮೇಲೆ ಎದ್ದ ನಗೆಯನ್ನು ಹೇಗೆ ಬರೆಯಲಿ? ಅವರ ಹಿಂದೆ ನಿಂತು ಹೊಲಿಗೆಯಲ್ಲಿ ತಪ್ಪು ಕಂಡಾಗಲೆಲ್ಲ ನಾನು ಹಾಗೆ ಲೊಚಗುಟ್ಟುತ್ತೇನಂತೆ. ಅದನ್ನು ಕೇಳಿದ ಕೂಡಲೇ ಕಾಲೆತ್ತಿ ಹೊಲಿಗೆ ನೋಡಿಕೊಳ್ಳುವುದು ಅವರಿಗೆ ರೂಢಿಯಾಗಿಬಿಟ್ಟಿದೆಯಂತೆ. ಚಾಚಾ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಕಣ್ಣೊರೆಸಿಕೊಂಡರು. ಪಾಕೆಟ್ ಹೊಲಿಯುವವಳು, “ಅಣ್ಣಾರದು ಹಾಕೀಯ, ನನ್ನ ಮಿಷನ್ನು ಎಲ್ಲೈತಿ?” ಎಂದು ಜಗಳಕ್ಕೇ ನಿಂತಳು. ಮಗಳು ಐದನೇ ಹಾಡು ಹಾಕಿ ತೋರಿಸಬೇಕಾಯಿತು. ಗುಂಡಿಯ ತೂತು ಹೊಲಿಯುವ ಕಾಜಾ ಮಿಷನ್ನಿನವಳದು ಎಲ್ಲೂ ಇರಲಿಲ್ಲ, ಅವಳು ಎರಡು ದಿನ ಮಾತು ಬಿಟ್ಟಳು. ನಾನು ಬನ್ನು ನುಂಗುವಷ್ಟರಲ್ಲಿ ಆಲ್ಬಮ್ ಪಾಸಾಗಿತ್ತು. ನಮ್ಮಮ್ಮನ ಅಂತಃಕರಣದ ನಿಜವಾದ ಅರ್ಥವೂ ಆಗಲೇ ತಿಳಿಯಿತು.

ಮರುದಿನ ಅಕ್ಕ ಮೊದಲ ಬಂಡಲ್ ಮುಗಿಸಿದಾಗ ಚಾಚಾ ಭಜನೆಗೆ ಗಂಟಲು ಸರಿಮಾಡಿಕೊಂಡರು. ಅವಳು, “ಇವತ್ತು ಅಣ್ಣಾರ ಲೊಚ್ ಹಾಕ್ರಿ” ಎಂದಳು. “ಹಿಂದ ಬಂದು ಅಂದ್ರ ಮೈಯೆಲ್ಲಾ ಉರೀತಿತ್ತು. ಹಾಡಿನಾಗ ಅಂದ್ರ ಕೈ ಓಡ್ತೈತಿ.”

ಮಗಳು ಏನನ್ನೂ ಅಳಿಸಲಿಲ್ಲ. ಎರಡನೆಯ ಆಲ್ಬಮ್ಮಿಗೆ ಮೊದಲು ರೆಕಾರ್ಡ್ ಮಾಡಿದ್ದು ಕಾಜಾ ಮಿಷನ್ನು, ಆಮೇಲೆ ಮೈಕು ನನ್ನ ಮುಂದೆ ಬಂತು. “ಅಪ್ಪಾ, ಒಂಚೂರು ಚಿಂತಿ ಮಾಡು.” ಮಾಡಿ ಮಾಡಿ ನೋಡಿದೆ, ನಾಲಿಗೆ ಒಣಗಿತೇ ಹೊರತು ಸದ್ದು ಬರಲಿಲ್ಲ. ಜೀವಮಾನದ ಅಭ್ಯಾಸ ಬೇಕಾದ ಹೊತ್ತಿಗೇ ಕೈಕೊಟ್ಟಿತಲ್ಲ ಎಂದು ನಾಚಿಕೆಯಾಯಿತು. ಅವಳು ಮೈಕು ಹಿಡಿದ ಕೈ ಅಲುಗಿಸದೆ, ಮೆಲ್ಲಗೆ ಅಂದಳು:

“ಮಧ್ಯಾಹ್ನದಿಂದ ಕರೆಂಟ್ ತಗೀತಾರಂತಪ್ಪ.”

ಲೊಚ್.

“ಸಾಕು, ಬಂತು” ಎಂದು ಅವಳು ಮಹಡಿ ಹತ್ತಿದಳು. ಕರೆಂಟು ಹೋಗಲೇ ಇಲ್ಲ.