ವೈನಿ ಊಟಕ್ಕೆ ಕೂತ ದಿನ

ಕೃಷ್ಣೆಗೆ ಮಹಾಪೂರ ಬಂದು ನಮ್ಮೂರು ಸತ್ತಿಯ ದಾರಿ ಮುಚ್ಚಬಹುದಿತ್ತು. ಚಳಿಗಾಲದಲ್ಲಿ ಮಹಾಪೂರ ಬರುವುದಿಲ್ಲ, ಗೊತ್ತು, ಆದರೂ ಬರಬಹುದಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರ್ ರಸ್ತೆಗೆ ಅಡ್ಡಲಾಗಿ ಮಗುಚಬಹುದಿತ್ತು. ಮನೆಗೆ ಊಟಕ್ಕೆ ಬರಲಿದ್ದ ಪರದೇಶದ ಅತಿಥಿಗಳನ್ನು ನಮ್ಮ ಎಮ್ಮೆ ಹಾಯಬಹುದಿತ್ತು. ಕೆಂಪು ಖಾರ ನೆತ್ತಿಗೇರಿ ಅವರಲ್ಲೊಬ್ಬರನ್ನು ಅಥಣಿಯ ದವಾಖಾನೆಗೆ ಒಯ್ಯಬೇಕಾಗಬಹುದಿತ್ತು. ನನ್ನ ಅಣ್ಣ ಸಕ್ಕರೆ ಕಾರ್ಖಾನೆಯ ರಾಜಕಾರಣ ಎತ್ತಬಹುದಿತ್ತು. ಎತ್ತಿದರೆ ಸಂಜೆಯವರೆಗೆ ಇಳಿಸುವವನಲ್ಲ. ವಾರವಿಡೀ ಇದನ್ನೆಲ್ಲ ನೆನೆಯುತ್ತಿದ್ದೆ. ಇದರಲ್ಲಿ ಯಾವುದೂ ಆಗಲಿಲ್ಲ.

ವೈನಿ ಅಂದರೆ ಆ ಅಣ್ಣನ ಹೆಂಡತಿ. ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಬಲಗೈ. ಮಣಿಕಟ್ಟಿನವರೆಗೆ ಜೋಳದ ಹಿಟ್ಟು, ಬಳೆಗಳ ಸಂದಿಯಲ್ಲೂ ಹಿಟ್ಟು. ಅವ್ವ ಹೋದಾಗ ನಾನಿನ್ನೂ ಶಾಲೆಗೆ ಹೋಗುವವನು. ನನಗೆ ಉಣಿಸಿ ದೊಡ್ಡವನನ್ನಾಗಿ ಮಾಡಿದ್ದು ಆ ಕೈ. ನಾನು ಅಡ್ಡಡ್ಡ ಬೆಳೆದದ್ದಕ್ಕೂ ಅದೇ ಕಾರಣ.

ಸುತ್ತ ಎಲ್ಲ ಕಬ್ಬೇ ಇರುವಾಗ, ಬಾವಿಯ ದಂಡೆಗೆ ಒಂದು ಪಟ್ಟಿ ಜೋಳವನ್ನು ವೈನಿ ಜಗಳವಾಡಿ ಉಳಿಸಿಕೊಂಡಿದ್ದರು. ಜೋಳದ ನಡುನಡುವೆ ಕಡಲೆ, ಕುಸುಬೆ, ಅಂಚಿಗೆ ಮೆಂತ್ಯ. "ಕಬ್ಬ ತಿಂದ ಬದಕಾಕ ನಾವೇನ ಆನಿಯೇನ್ರಿ?" ಎಂದು ಅಣ್ಣನಿಗೆ ಕೇಳುತ್ತಿದ್ದರು. ಅಣ್ಣ ಮೀಸೆಯಲ್ಲೇ ನಗುತ್ತಿದ್ದ. ಮರುವರ್ಷವೂ ಆ ಪಟ್ಟಿಗೆ ಕಬ್ಬು ಹಚ್ಚುತ್ತಿರಲಿಲ್ಲ.

ಆದರೆ ಆ ಜೋಳದ ರೊಟ್ಟಿಯನ್ನು ಅವರು ಬಿಸಿಯಾಗಿ ತಿಂದದ್ದನ್ನು ನಾನು ಕಂಡಿಲ್ಲ. ನಾವು ಉಣ್ಣುವಾಗ ಅವರು ಬಡಿಯಬೇಕು, ರೊಟ್ಟಿ ಹಂಚಿನಿಂದ ನೆಟ್ಟಗೆ ತಾಟಿಗೆ ಬರಬೇಕು. ಎಲ್ಲರದೂ ಮುಗಿದ ಮೇಲೆ ಪಲ್ಯದ ತಳ ಬಳಿದುಕೊಂಡು ಕೂರುವರು. ಮೊದಲು ಉಣ್ಣಿರಿ ಎಂದರೆ, "ಉಂಡ ಕೈಲೆ ಬಡದ್ರ ರೊಟ್ಟಿ ಹರೀತಾವೋ ತಮ್ಮಾ" ಎನ್ನುವರು.

ಅವರು ಬಿಳಿಚಿಕೊಳ್ಳುತ್ತಿದ್ದುದು ನಮಗೆ ತಿಳಿಯದೇ ಹೋಗಿದ್ದೂ ಆ ಹಿಟ್ಟಿನಿಂದಲೇ. ಒಂದು ದೀಪಾವಳಿ, ಎಣ್ಣೆಸ್ನಾನ ಮುಗಿಸಿ ಬಂದವರು ನನ್ನ ಮುಂದೆ ಚಕ್ಕುಲಿ, ಉಂಡಿ ಇಟ್ಟ ಫರಾಳದ ತಾಟು ಹಿಡಿದರು. ಕೈಯಲ್ಲಿ ಹಿಟ್ಟಿರಲಿಲ್ಲ. ಅಂಗೈ ಮಾತ್ರ ಅಷ್ಟೇ ಬೆಳ್ಳಗಿತ್ತು.

ಅಥಣಿಯ ಡಾಕ್ಟರರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ತೆಗೆಸಿದರು. "ರಕ್ತ ಭಾಳ ಕಡಿಮಿ ಐತ್ರಿ, ಅದರಿಂದ ಎದಿಗೂ ದಣಿವು ಆಗೇತಿ. ಗುಳಿಗಿ ಕೊಡ್ತೀನಿ. ಆದ್ರ ಹೊತ್ತಿಗೆ ಸರಿಯಾಗಿ ಹೊಟ್ಟಿ ತುಂಬ ಉಣ್ಣಬೇಕು. ಉಳದದ್ದು ಬಳದದ್ದು ಅಲ್ಲ" ಎಂದರು. ವೈನಿ ಹೊರಗೆ ಬಂದು, "ಡಾಕ್ಟರ ಹೇಣ್ತಿ ಎಷ್ಟೊತ್ತಿಗೆ ಉಣ್ತಾಳಂತ ಕೇಳಬೇಕಾಗಿತ್ತು" ಎಂದು ನಕ್ಕರು. ಗುಳಿಗೆ ತಪ್ಪಿಸಲಿಲ್ಲ. ಊಟದ ಪಾಳಿ ಬದಲಾಗಲಿಲ್ಲ.

ನನ್ನ ಕಸಬು ಹೇಳಿದರೆ ನಿಮಗೂ ನಗು ಬಂದೀತು. ಜಗತ್ತಿನ ದೇಶಗಳೆಲ್ಲ ಕೂಡಿ ಆಹಾರ, ಪೌಷ್ಟಿಕತೆ, ಸುಸ್ಥಿರ ಕೃಷಿಯ ಬಗ್ಗೆ ಬರೆದುಕೊಳ್ಳುವ ಧೋರಣೆಗಳನ್ನು ಬೆಳಗಾವಿಯಲ್ಲಿ ಕೂತು ಕನ್ನಡಕ್ಕೆ ತರುವುದು. ಒಮ್ಮೆ ಊರಲ್ಲಿ 'ಕುಟುಂಬದೊಳಗಿನ ಆಹಾರ ಹಂಚಿಕೆಯ ಅಸಮಾನತೆ' ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ.

"ಹಂಗಂದ್ರೇನೋ?"

"ಮನ್ಯಾಗ ಮೊದಲ ಯಾರು ಉಣ್ತಾರ, ಕಡೀಕ ಯಾರು, ಅವರಿಗೆ ಏನ ಉಳೀತೈತಿ ಅಂತ್ರಿ ವೈನಿ. ಇದರ ಮ್ಯಾಲ ದೊಡ್ಡ ಸಭಾ ಮಾಡ್ಯಾರ."

ವೈನಿ ಹಂಚಿನ ಮೇಲಿನ ರೊಟ್ಟಿ ತಿರುವಿದರು. "ಪಾಪ, ಅಷ್ಟು ದೂರ ಹೋಗಿರ್ತಾರ. ಸಭಾದಾಗ ಊಟ ಬಿಸೀದ ಹಾಕ್ತಾರಿಲ್ಲ?"

ಅಂಥ ಸಭೆಯವರೇ ಕೆಲವರು ಜಿಲ್ಲೆಗೆ ಬರುವವರಿದ್ದರು. ಕಬ್ಬಿನ ಸೀಮೆಯಲ್ಲಿ ಉಳಿದ ಜೋಳದ ಹೊಲ ನೋಡಿ, ಆ ಮನೆಯವರ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡಬೇಕು ಎಂದಿದ್ದರು. ನಾನೇ ನಮ್ಮ ಮನೆ ತೋರಿಸಿದೆ. ಧೋರಣೆಗಿಂತ ಹೆಚ್ಚಾಗಿ ನನಗೆ ಬೇಕಾಗಿದ್ದುದು ಆ ಪಂಕ್ತಿ. ನನ್ನ ಮಾತಿಗೆ ಕೂರದ ವೈನಿ ಬಂದ ಅತಿಥಿಗಳ ಮರ್ಯಾದೆಗೆ ಕೂತಾರು, ಒಂದು ದಿನ ಕೂತರೆ ಮರುದಿನವೂ ಕೂತಾರು ಎಂದು ಆಸೆ. "ಕುಂಡ್ರತೀನಿ ಬಿಡಪಾ, ನಿನ್ನ ನೌಕರಿ ಉಳೀಲಿ" ಎಂದು ವೈನಿ ಒಪ್ಪಿದರು. ಬೆಳಿಗ್ಗೆಯೇ ರೊಟ್ಟಿ ಬಡಿದು ಬುಟ್ಟಿಯಲ್ಲಿ ಬಟ್ಟೆ ಸುತ್ತಿಡುವುದೆಂದು ಮಾತಾಯಿತು.

ವೈನಿ ಈಗಿಲ್ಲ. ಆ ಊಟದ ದಿನ ಕಳೆದು ಮುಂದಿನ ಮಳೆಗಾಲದಲ್ಲಿ ಬಂದ ಜ್ವರ ಬೇರೆಯವರಿಗಾದರೆ ನಾಲ್ಕು ದಿನದ್ದು. ಅವರ ಎದೆ ತಡೆಯಲಿಲ್ಲ. "ಮೈಯಾಗ ಏನೂ ಉಳದಿರಲಿಲ್ರಿ" ಎಂದರು ಅದೇ ಡಾಕ್ಟರರು. ಅಣ್ಣ ಈಗ ಹೋಟೆಲಿನ ಚಪಾತಿ ತರಿಸುತ್ತಾನೆ. ಜೋಳದ ಪಟ್ಟಿಗೆ ಈ ಸಲವೂ ಕಬ್ಬು ಹಚ್ಚಿಲ್ಲ. ನನ್ನ ಮೇಜಿನ ಮೇಲೆ ಹೊಸ ಧೋರಣೆಯ ಕರಡು ಬಂದಿದೆ. 'ಹಂಚಿಕೆ' ಎಂಬ ಪದ ಬಂದಲ್ಲೆಲ್ಲ ಎದ್ದು ಚಹಾಕ್ಕೆ ಹೋಗುತ್ತೇನೆ. ಹೀಗಾಗಿ ಚಹಾ ವಿಪರೀತವಾಗಿದೆ.

ಆ ದಿನ ಮಾತ್ರ ಎಲ್ಲ ಸುಸೂತ್ರವಾಗಿ ನಡೆದಿತ್ತು. ಹೊಲ ನೋಡಿ ಬಂದು ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ವೈನಿ ಸೆರಗು ಸರಿಮಾಡಿಕೊಂಡು, ದೂರದೇಶದಿಂದ ಬಂದಿದ್ದ ಹೆಂಗಸಿನ ಪಕ್ಕ ಕೂತರು. ತುಂಬಿದ ತಾಟು ಅವರ ಮುಂದಿತ್ತು. ರೊಟ್ಟಿ ಮುರಿದು ಬದನೆಕಾಯಿಗೆ ಅದ್ದಿ ಒಂದು ತುತ್ತು ಬಾಯಿಗಿಟ್ಟರು. ನಾನು ನನ್ನ ಊಟ ಬಿಟ್ಟು ಅದನ್ನೇ ನೋಡಿದೆ. ಅಣ್ಣನೂ ನೋಡುತ್ತಿದ್ದ.

ಪಕ್ಕದ ಹೆಂಗಸು ತನ್ನ ರೊಟ್ಟಿಯ ಕಡೆಯ ಚೂರಿನಿಂದ ತಾಟು ಬಳಿದುಕೊಂಡಳು. ಇನ್ನೊಂದು ಬೇಕೆಂದು ಕೇಳಲಿಲ್ಲ. ನಾನೇ ಬುಟ್ಟಿಗೆ ಕೈ ಹಾಕಿದೆ.

"ಆರಿದ ರೊಟ್ಟಿ ಹಾಕಬ್ಯಾಡೋ! ಅಷ್ಟು ದೂರದಿಂದ ಬಂದಾಳ, ಏನಂದಾಳು?" ವೈನಿ ತಾಟು ಸರಿಸಿದರು.

"ಕುಂಡ್ರ ನೀ," ಅಂದ ಅಣ್ಣ. ಆ ಮನೆಯಲ್ಲಿ ಅವನು ಹಾಗೆಂದದ್ದು ಅದೇ ಮೊದಲು. "ಇವತ್ತೊಂದಿನ ಕುಂಡ್ರ."

"ಎಸರ ಕುದ್ದೈತ್ರಿ. ಎರಡ ಬಡಕೊಂಡ ಬಂದ್ನಿ."

ಹಿಟ್ಟು ನಾದುವ ಬಿಸಿನೀರನ್ನು ಒಲೆಯ ಮೇಲೆ ಇಟ್ಟೇ ಅವರು ಪಂಕ್ತಿಗೆ ಬಂದಿದ್ದರು. ತಮ್ಮ ತಾಟಿನ ಮೇಲೆ ಇನ್ನೊಂದು ತಾಟು ಬೋರಲು ಹಾಕಿ, ಗೋಡೆಗೆ ಕೈ ಊರಿ, ವೈನಿ ಎದ್ದರು.